ವಿಂಗರ್‌ಗೆ ಹೊರಚಾಚುವ ಮಲಗುವ ಪೆಟ್ಟಿಗೆ: ಮನೆಯಲ್ಲೇ ಕಟ್ಟಬಹುದೇ? ಬಾಡಿ ಕಟ್ಟುವವರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗದ ಸದಸ್ಯರು): ನಮಸ್ಕಾರ ಸರ್. ನನ್ನ ಬಳಿ 3488 ಮಿ.ಮೀ. ಚಕ್ರಾಂತರದ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಟಾಟಾ ವಿಂಗರ್ ವ್ಯಾನ್ ಇದೆ. ನಾನು, ಹೆಂಡತಿ, ಮಗಳು ಮೂವರೂ ಅದರಲ್ಲೇ ಮಲಗಿ ಊರೂರು ಸುತ್ತಬೇಕೆಂಬ ಆಸೆ. ಹಾಸಿಗೆ ಹಾಕಿದರೆ ಅಡುಗೆಗೆ ಜಾಗವಿಲ್ಲ, ಅಡುಗೆ ಕಟ್ಟೆ ಇಟ್ಟರೆ ಕಾಲು ಚಾಚಲು ಜಾಗವಿಲ್ಲ. ಅಮೆರಿಕದ ಕ್ಯಾಂಪರ್‌ಗಳಲ್ಲಿ ಗೋಡೆಯೇ ಹೊರಗೆ ಸರಿದು ಕೋಣೆ ದೊಡ್ಡದಾಗುವುದನ್ನು ವಿಡಿಯೊಗಳಲ್ಲಿ ನೋಡಿದ್ದೇನೆ. ಚಾಲಕನ ಬದಿಯ ಗೋಡೆಯಲ್ಲಿ ಆರು ಅಡಿ ಉದ್ದ, ಮೂರೂವರೆ ಅಡಿ ಎತ್ತರದ ಭಾಗ ಕತ್ತರಿಸಿ, ಎರಡೂವರೆ ಅಡಿ ಹೊರಬರುವ ಪೆಟ್ಟಿಗೆ ಮಾಡಿಸಬೇಕೆಂದಿದ್ದೇನೆ. ಪರಿಚಯದ ವೆಲ್ಡರ್ ಒಬ್ಬರಿದ್ದಾರೆ. ಭಾರಿ ಡ್ರಾಯರ್ ಚಾನೆಲ್‌ಗಳನ್ನೂ ತರಿಸಿದ್ದೇನೆ, 227 ಕಿಲೋ ಹೊರುತ್ತವೆ ಎಂದು ಅವುಗಳ ಮೇಲೆ ಬರೆದಿದೆ. ಸಾಕಾಗುತ್ತದೆಯೇ?

ಉತ್ತರ: ಗೋಡೆಗೆ ಗ್ರೈಂಡರ್ ಇಡುವ ಮೊದಲೇ ಕೇಳಿದಿರಿ, ಬಹಳ ಸಂತೋಷ. ಉತ್ತರ ನೇರವಾಗಿ ಹೇಳಿಬಿಡುತ್ತೇನೆ: ವಿಂಗರ್‌ನ ಪಕ್ಕದ ಗೋಡೆಯನ್ನು ಕತ್ತರಿಸಬೇಡಿ. ಹೊರಚಾಚುವ ಪೆಟ್ಟಿಗೆ ಬೇಕೇ ಬೇಕೆಂದರೆ ಅದು ಹಿಂಬಾಗಿಲಿನಿಂದ ಹೊರಬರಲಿ.

ಕಾರಣ ಹೀಗಿದೆ. ಲಾರಿಯಲ್ಲಿ ಚಾಸಿ ಬೇರೆ, ಅದರ ಮೇಲೆ ಕಟ್ಟುವ ಬಾಡಿ ಬೇರೆ. ಭಾರವನ್ನೆಲ್ಲ ಚಾಸಿ ಹೊರುತ್ತದೆ, ಆದ್ದರಿಂದ ಬಾಡಿಯಲ್ಲಿ ಕಿಂಡಿ ತೆರೆದರೂ ವಾಹನ ನಿಲ್ಲುತ್ತದೆ. 1990ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ನ್ಯೂಮಾರ್ ಕಂಪನಿ ಸರಿಯುವ ಕೋಣೆಯನ್ನು ಮೋಟಾರ್‌ಹೋಮ್‌ಗೆ ತಂದದ್ದು ಅಂಥ ಪ್ರತ್ಯೇಕ ಚಾಸಿಯ ದೊಡ್ಡ ವಾಹನಗಳಲ್ಲಿ. ವಿಂಗರ್ ಮೊನೊಕಾಕ್ ರಚನೆಯದು. ಅದರಲ್ಲಿ ನೆಲ, ಪಕ್ಕದ ಗೋಡೆ, ಚಾವಣಿ, ಕಂಬಗಳು ಎಲ್ಲವೂ ಒಟ್ಟಾಗಿ ಭಾರ ಹೊರುತ್ತವೆ. ಎಡಬದಿಯಲ್ಲಿ ಸರಿಯುವ ಬಾಗಿಲಿಗಾಗಿ ಕಂಪನಿಯೇ ಒಂದು ದೊಡ್ಡ ಕಿಂಡಿ ಬಿಟ್ಟು, ಅದರ ಸುತ್ತ ಲೆಕ್ಕ ಹಾಕಿ ಬಲ ಕೊಟ್ಟಿದೆ. ಬಲಬದಿಯಲ್ಲೂ ಆರು ಅಡಿ ಕತ್ತರಿಸಿದರೆ ನಡುವಿನ ಕಂಬಗಳು ಹೋಗುತ್ತವೆ. ಹಳ್ಳದ ರಸ್ತೆಯಲ್ಲಿ ಒಂದು ಚಕ್ರ ಮೇಲೆದ್ದಾಗಲೆಲ್ಲ ಬಾಡಿ ತಿರುಚಿಕೊಳ್ಳುತ್ತದೆ. ಮೊದಲು ಬಾಗಿಲು ಸರಿಯಾಗಿ ಕೂರುವುದಿಲ್ಲ, ಆಮೇಲೆ ಗಾಜಿನ ಮೂಲೆಯಲ್ಲಿ ಬಿರುಕು, ಕೊನೆಗೆ ತಗಡುಗಳನ್ನು ಚುಕ್ಕಿ ಚುಕ್ಕಿಯಾಗಿ ಸೇರಿಸಿದ ಸ್ಪಾಟ್ ವೆಲ್ಡ್‌ಗಳು ಬಿಡುತ್ತವೆ. ಪಕ್ಕದಿಂದ ಯಾರಾದರೂ ಗುದ್ದಿದರೆ ಒಳಗಿರುವವರಿಗೂ ರಸ್ತೆಗೂ ನಡುವೆ ನೀವು ಮಾಡಿದ ಪ್ಲೈವುಡ್ ಪೆಟ್ಟಿಗೆಯೊಂದೇ ಇರುತ್ತದೆ. ಮಗಳು ಜೊತೆಗಿರುವ ವಾಹನ ಅದು.

ಹಿಂಬಾಗಿಲಿನ ಕಥೆ ಬೇರೆ. ಅಲ್ಲಿ ಕಿಂಡಿ ಈಗಾಗಲೇ ಇದೆ, ಅದರ ಚೌಕಟ್ಟಿಗೆ ಕಂಪನಿ ಕೊಟ್ಟ ಬಲವಿದೆ. ಬ್ರಿಟನ್ನಿನಲ್ಲಿ ಡಬಲ್‌ಬ್ಯಾಕ್ ಎಂಬ ಹೆಸರಿನಲ್ಲಿ ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್‌ಗೆ ಹಿಂದಿನಿಂದ ಸುಮಾರು 2 ಮೀಟರ್ ಹೊರಚಾಚುವ ಕೋಣೆಯನ್ನೇ ಮಾಡಿದ್ದಾರೆ. ನಮಗೆ ಅಷ್ಟು ಬೇಡ. 75 ಸೆಂ.ಮೀ. ಸಾಕು. 190 ಸೆಂ.ಮೀ. ಹಾಸಿಗೆಯನ್ನು ವಾಹನದ ಉದ್ದಕ್ಕೇ ಹಾಕಿ, ತಲೆ ಒಳಗೆ, ಕಾಲು ಹೊರಗಿನ ಪೆಟ್ಟಿಗೆಯಲ್ಲಿ. ವ್ಯಾನಿನ ಒಳಗೆ ಹಾಸಿಗೆ ತಿನ್ನುವ ಜಾಗ 115 ಸೆಂ.ಮೀ.ಗೆ ಇಳಿಯುತ್ತದೆ, ಮುಂದೆ ಅಡುಗೆ ಕಟ್ಟೆಗೆ ಜಾಗ ಸಿಗುತ್ತದೆ.

ಇನ್ನೊಂದು ದೊಡ್ಡ ಲಾಭವಿದೆ. ಪ್ರಯಾಣದಲ್ಲಿ ಪೆಟ್ಟಿಗೆ ಒಳಗಿರುತ್ತದೆ, ಅದರ ಹಿಂದೆ ಮೂಲ ಬಾಗಿಲು ತನ್ನ ರಬ್ಬರ್ ಸಮೇತ ಮುಚ್ಚಿರುತ್ತದೆ. ಆಗುಂಬೆ ಘಾಟಿಯ ಮಳೆಯಲ್ಲಿ ಓಡಿಸುವಾಗ ನೀರು ತಡೆಯುವ ಕೆಲಸವನ್ನು ಕಂಪನಿಯ ಬಾಗಿಲೇ ಮಾಡುತ್ತದೆ. ಪಕ್ಕದ ಗೋಡೆಯ ಪೆಟ್ಟಿಗೆಗೆ ಆ ಭಾಗ್ಯವಿಲ್ಲ.

ಈಗ ಚಾನೆಲ್ ವಿಷಯ. 227 ಕಿಲೋ ಎಂದರೆ 500 ಪೌಂಡ್. ಅದು ಸಾಮಾನ್ಯವಾಗಿ ಒಂದು ಜೋಡಿಗೆ ಹೇಳುವ ಸಂಖ್ಯೆ, ಅದೂ ಚಾನೆಲ್ಲನ್ನು ನಿಲ್ಲಿಸಿ ಡ್ರಾಯರಿನ ಪಕ್ಕಕ್ಕೆ ಕೂರಿಸಿದಾಗ, ಭಾರ ಸಮನಾಗಿ ಹರಡಿದಾಗ. ಪೆಟ್ಟಿಗೆಯ ಅಡಿಗೆ ಮಲಗಿಸಿ ಹಾಕಿದರೆ ಸಾಮರ್ಥ್ಯ ಬಹಳ ಕುಸಿಯುತ್ತದೆ. ಆ ಚಾನೆಲ್‌ಗಳನ್ನು ಅಡುಗೆ ಡ್ರಾಯರಿಗೆ ಬಳಸಿ, ಅಲ್ಲಿ ಅವು ಬಹುಕಾಲ ಬಾಳುತ್ತವೆ. ಮನುಷ್ಯರು ಮಲಗುವ ಪೆಟ್ಟಿಗೆಗೆ ಬೇಡ.

ಪ್ರಶ್ನೆ (ಅದೇ ಸದಸ್ಯರು): ಹಿಂಬಾಗಿಲಿನ ಯೋಚನೆ ನಮಗೂ ಹಿಡಿಸಿತು ಸರ್. ಹಾಗಾದರೆ ಯಾವುದರ ಮೇಲೆ ಸರಿಸಬೇಕು? ಎಷ್ಟು ದಪ್ಪದ ಪೈಪ್?

ಉತ್ತರ: ಚೌಕ ಪೈಪಿನೊಳಗೆ ಚೌಕ ಪೈಪ್. ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ವೆಲ್ಡರ್ ಜೊತೆ ಕೂತು ನೀವೇ ಮತ್ತೊಮ್ಮೆ ಮಾಡಿ ನೋಡಿ.

ಪೆಟ್ಟಿಗೆ 60 ಕಿಲೋ, ಹಾಸಿಗೆ ಹೊದಿಕೆ 20, ಹೊರಗಿನ ಭಾಗದಲ್ಲಿ ಇಬ್ಬರು ಕುಳಿತರೆ 150. ಒಟ್ಟು 230 ಕಿಲೋ. ಇದರ ಭಾರಕೇಂದ್ರ ಬಾಗಿಲಿನ ಹೊಸ್ತಿಲಿನಿಂದ 40 ಸೆಂ.ಮೀ. ಹೊರಗಿದೆ ಎಂದುಕೊಳ್ಳಿ. ಒಳಪೈಪ್ ಪೂರ್ತಿ ಹೊರಬಂದಾಗಲೂ 60 ಸೆಂ.ಮೀ. ಒಳಗೇ ಉಳಿಯಬೇಕು. ಆಗ ಹಿಂದಿನ ತುದಿ ಕೆಳಗೆ ಬಾಗಲು ಹೋದಷ್ಟೂ ಒಳಗಿನ ತುದಿ ಮೇಲೇಳಲು ನೋಡುತ್ತದೆ: 230 × 40 ÷ 60, ಅಂದರೆ ಸುಮಾರು 153 ಕಿಲೋ ಬಲದಿಂದ. ಹೊಸ್ತಿಲಿನ ಬಳಿ ಬೀಳುವ ಭಾರ 230ಕ್ಕೆ ಈ 153 ಸೇರಿ 383 ಕಿಲೋ. ಮನೆಯಲ್ಲಿ ಮಾಡುವವರು ಹೆಚ್ಚಾಗಿ ಮರೆಯುವುದು ಒಳತುದಿಯ ಈ ಮೇಲ್ಮುಖ ಎಳೆತವನ್ನು. ನೆಲದ ತೆಳು ತಗಡಿಗೆ ಸ್ಕ್ರೂ ಹೊಡೆದರೆ ಅದು ಕಿತ್ತು ಬರುತ್ತದೆ. ಹೊರಪೈಪನ್ನು ನೆಲದ ಅಡಿಯ ಅಡ್ಡ ತೊಲೆಗಳಿಗೇ ಬೋಲ್ಟ್ ಮಾಡಿ, ಕೆಳಗಿನಿಂದ ಅಗಲವಾದ ಪ್ಲೇಟ್ ಕೊಟ್ಟು ಬಿಗಿಯಿರಿ.

ಒಳಪೈಪ್ 40×40×3 ಮಿ.ಮೀ. ಎಂದಾದರೆ, ಎರಡು ಪೈಪಿಗೆ ಹಂಚಿದ ಮೇಲೂ ಉಕ್ಕಿನಲ್ಲಿ ಸುಮಾರು 88 ಎಂಪಿಎ (ಮೆಗಾಪ್ಯಾಸ್ಕಲ್, ಒತ್ತಡದ ಅಳತೆ) ಒತ್ತಡ ಬರುತ್ತದೆ. ವೈಎಸ್‌ಟಿ 210 ದರ್ಜೆಯ ಪೈಪ್ 210 ಎಂಪಿಎವರೆಗೆ ತಾಳುತ್ತದೆ, ಅಂದರೆ ಭದ್ರತೆ ಎರಡು ಪಟ್ಟು ಚಿಲ್ಲರೆ. ಮಗಳು ಒಮ್ಮೆ ಹಾಸಿಗೆಯ ಮೇಲೆ ಧುಮುಕಿದರೆ ಆ ಚಿಲ್ಲರೆ ಕರಗಿಹೋಗುತ್ತದೆ. ಒಳಪೈಪ್ 50×50×3, ಹೊರಪೈಪ್ 60×60×3 ತೆಗೆದುಕೊಳ್ಳಿ. ಒತ್ತಡ ಸುಮಾರು 54ಕ್ಕೆ ಇಳಿಯುತ್ತದೆ, ತೂಕ ಹೆಚ್ಚುವುದು ಒಟ್ಟು ಐದು ಕಿಲೋದಷ್ಟೇ. ಇದಕ್ಕಿಂತ ಅಗ್ಗದ ನೆಮ್ಮದಿ ಈ ಕೆಲಸದಲ್ಲಿ ಬೇರೆಲ್ಲೂ ಸಿಗುವುದಿಲ್ಲ.

60ರ ಪೈಪಿನ ಒಳ ಅಳತೆ 54, ಒಳಪೈಪ್ 50. ಎಲ್ಲ ಬದಿಯಲ್ಲೂ 2 ಮಿ.ಮೀ. ಸಂದು ಉಳಿಯುತ್ತದೆ, ಅಲ್ಲಿ ನೈಲಾನ್ ಪಟ್ಟಿ ಕೂರಿಸಿ. ಅಂಗಡಿಯಲ್ಲಿ ಸಿಗುವ ಪೈಪಿನ ಒಳಗೆ ಉದ್ದಕ್ಕೂ ಬೆಸುಗೆಯ ಏಣು ಇರುತ್ತದೆ. ಅದನ್ನು ಉಜ್ಜಿ ತೆಗೆಯಿರಿ, ಇಲ್ಲವೇ ಪಟ್ಟಿಯಿಲ್ಲದ ಜಾಗಕ್ಕೆ ಬರುವಂತೆ ತಿರುಗಿಸಿಡಿ. ಎರಡು ಹೊರಪೈಪ್‌ಗಳ ಸಮಾಂತರವನ್ನು ಎರಡೂ ತುದಿಯಲ್ಲಿ ಅಳೆದು, ಕರ್ಣವನ್ನೂ ಅಳೆದು ನೋಡಿದ ಮೇಲೆಯೇ ಪೂರ್ತಿ ಬೆಸುಗೆ. ಬೆಸುಗೆಯ ಬಿಸಿಗೆ ಪೈಪ್ ಎಳೆದುಕೊಳ್ಳುತ್ತದೆ, ಆದ್ದರಿಂದ ಒಂದೇ ಕಡೆ ಉದ್ದ ಹೊಡೆಯದೆ ಅಲ್ಲಲ್ಲಿ ಚಿಕ್ಕದಾಗಿ ಹೊಡೆಯಲಿ. ವಾಹನದ ಮೇಲೆ ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಡಲಿ.

ಇಷ್ಟಾದರೂ ಹೊರತುದಿಗೆ ಎರಡು ಸ್ಕ್ರೂ ಕಾಲು ಕೊಡಿ. ಕಾಲು ನೆಲಕ್ಕೆ ಊರಿದರೆ 230ರಲ್ಲಿ 120 ಕಿಲೋಗೂ ಹೆಚ್ಚು ಅದರ ಮೂಲಕವೇ ಇಳಿಯುತ್ತದೆ. ಆದರೆ ವ್ಯಾನ್ ಸ್ಪ್ರಿಂಗ್ ಮೇಲೆ ನಿಂತಿರುತ್ತದೆ, ಜನ ಹತ್ತಿದಾಗ ತಗ್ಗುತ್ತದೆ. ಕಾಲು ಮೊದಲೇ ಬಿಗಿದಿದ್ದರೆ ವ್ಯಾನಿನ ಹಿಂಭಾಗದ ಭಾರವೂ ಪೆಟ್ಟಿಗೆಯ ಮೇಲೆಯೇ ಬರುತ್ತದೆ. ಮೊದಲು ವ್ಯಾನಿನ ಬಾಡಿಯನ್ನು ಸ್ಟ್ಯಾಂಡ್ ಮೇಲೆ ಸ್ಥಿರಗೊಳಿಸಿ, ಆಮೇಲೆ ಪೆಟ್ಟಿಗೆ ಹೊರತೆಗೆದು, ಕೊನೆಗೆ ಅದರ ಕಾಲು. ಹಸಿ ಮಣ್ಣಿನಲ್ಲಿ ಕಾಲಿನಡಿಗೆ ಒಂದು ಅಡಿ ಚೌಕದ ಹಲಗೆ ಇಡಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ಸರ್, ಎರಡು ಬದಿಗೆ ಎರಡು 12 ವೋಲ್ಟ್ ಆ್ಯಕ್ಚುವೇಟರ್ (ಮೋಟಾರಿನಿಂದ ಉದ್ದವಾಗಿ ತಳ್ಳುವ ದಂಡ) ಹಾಕಿ ಬಟನ್ ಒತ್ತಿದರೆ ಹೊರಬರುವಂತೆ ಮಾಡಬಹುದಲ್ಲವೇ?

ಉತ್ತರ: ಮಾಡಬಹುದು, ಆದರೆ ಎರಡು ಮೋಟಾರ್‌ಗಳ ವೇಗ ಎಂದೂ ಒಂದೇ ಇರುವುದಿಲ್ಲ. ಒಂದು ಬದಿ ಮುಂದೆ ಹೋಗಿ, ಇನ್ನೊಂದು ಹಿಂದುಳಿದು, ಪೆಟ್ಟಿಗೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಒಂದೇ ಮೋಟಾರ್ ಇರಲಿ. ಎರಡೂ ಬದಿಯ ಹಲ್ಲುಪಟ್ಟಿಗಳನ್ನು ಸರಿಸುವ ಎರಡು ಚಿಕ್ಕ ಹಲ್ಲುಚಕ್ರಗಳು, ಅಂದರೆ ಪಿನಿಯನ್‌ಗಳು ಒಂದೇ ಅಡ್ಡ ಶಾಫ್ಟಿನ ಮೇಲೆ ಕೂರಲಿ. ಶಾಫ್ಟಿನ ತುದಿಗೆ ಕೈಹಿಡಿ ಹಾಕುವ ಜಾಗ ಬಿಡಿ, ಬ್ಯಾಟರಿ ಇಳಿದ ದಿನ ಬೇಕಾಗುತ್ತದೆ. 75 ಸೆಂ.ಮೀ. ಪೆಟ್ಟಿಗೆಗೆ ಮೋಟಾರೇ ಬೇಡ, ಇಬ್ಬರು ಕೈಯಿಂದ ಎಳೆಯುವುದು ಸಾಕು ಎಂಬುದು ನನ್ನ ಅಭಿಪ್ರಾಯ.

ಬೀಗದ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಮೋಟಾರ್ ಹಿಡಿದಿಟ್ಟುಕೊಳ್ಳುತ್ತದೆ, ಬಾಗಿಲು ತಡೆಯುತ್ತದೆ ಎಂದು ನಂಬಬೇಡಿ. ಏರುಘಾಟಿಯಲ್ಲಿ ಪೆಟ್ಟಿಗೆ ಹಿಂದಕ್ಕೆ ಜಾರಿ ಬಾಗಿಲಿನ ಕೊಂಡಿಯ ಮೇಲೆ ಬೀಳುತ್ತದೆ, ಜೋರಾಗಿ ಬ್ರೇಕ್ ಹಾಕಿದರೆ ಮುಂದೆ ಕೂತವರ ಕಡೆಗೆ ನುಗ್ಗುತ್ತದೆ. ಎರಡೂ ಬದಿಯ ಸರಿಯುವ ಪೈಪಿನಲ್ಲಿ ಅಡ್ಡ ತೂರುವ 12 ಮಿ.ಮೀ. ಉಕ್ಕಿನ ಪಿನ್ ಇರಲಿ, ಒಂದು ಬಿಟ್ಟರೂ ಇನ್ನೊಂದು ಹಿಡಿಯುವಂತೆ. ಪಿನ್ ಕೂರದಿದ್ದರೆ ಇಗ್ನಿಷನ್ ಆನ್ ಮಾಡಿದಾಗ ಬಜರ್ ಕೂಗುವಂತೆ ಒಂದು ಸ್ವಿಚ್ ಹಾಕಿಸಿ.

ಪ್ರಶ್ನೆ (ಸಕಲೇಶಪುರದ ಸದಸ್ಯರು): ಸರ್, ನಮ್ಮ ಕಡೆ ಜೂನ್ ಬಂದರೆ ವಾರಗಟ್ಟಲೆ ಮಳೆ. ಪೆಟ್ಟಿಗೆ ಹೊರಗಿರುವಾಗ ನೀರು ಒಳಬರದಂತೆ ಏನು ಮಾಡಬೇಕು? ಸಿಲಿಕೋನ್ ಸಾಕೇ?

ಉತ್ತರ: ಮೇಡಂ, ಸರಿಯುವ ಜಾಗಕ್ಕೆ ಸಿಲಿಕೋನ್ ನಿಲ್ಲುವುದಿಲ್ಲ. ಪೆಟ್ಟಿಗೆಯ ಒಳತುದಿಯಲ್ಲಿ ಸುತ್ತಲೂ ಎರಡು ಇಂಚಿನ ಅಂಚು ಬಿಡಿ. ಪೂರ್ತಿ ಹೊರಬಂದಾಗ ಆ ಅಂಚು ಬಾಗಿಲಿನ ಚೌಕಟ್ಟನ್ನು ಒಳಗಿನಿಂದ ಒತ್ತಬೇಕು, ನಡುವೆ ಟೊಳ್ಳು ಗುಂಡಿನ ಇಪಿಡಿಎಂ (ಬಿಸಿಲು ಮಳೆ ತಾಳುವ ಬಗೆಯ) ರಬ್ಬರ್ ಬೀಡಿಂಗ್ ಇರಬೇಕು. ಚೌಕಟ್ಟಿಗೆ ಪೆಟ್ಟಿಗೆಯ ಮೈ ಒರೆಸುವಂಥ ತುಟಿಯ ರಬ್ಬರ್ ಇನ್ನೊಂದು. ಆದರೆ ನೀರು ರಬ್ಬರಿನವರೆಗೆ ಬರುವ ಮೊದಲೇ ಅದನ್ನು ಬೇರೆ ದಾರಿಗೆ ತಿರುಗಿಸಬೇಕು. ಪೆಟ್ಟಿಗೆಯ ಚಾವಣಿ ಹೊರಕ್ಕೆ ಇಳಿಜಾರಾಗಿರಲಿ, 75 ಸೆಂ.ಮೀ.ಗೆ ಎರಡು ಸೆಂ.ಮೀ. ಸಾಕು. ಬಾಗಿಲಿನ ಮೇಲಂಚಿನಿಂದ ಪೆಟ್ಟಿಗೆಯ ತುದಿ ದಾಟುವಂತೆ ಒಂದು ತಾಡಪಾಲು ಬಿಗಿಯಾಗಿ ಎಳೆದು ಕಟ್ಟಿ. ಒಳಸೇರಿಸುವ ಮೊದಲು ಚಾವಣಿಯ ಮೇಲಿನ ಎಲೆ, ಕಡ್ಡಿ ಗುಡಿಸಿ. ರಬ್ಬರ್ ಹರಿಯುವುದಕ್ಕೆ ಮಳೆಗಿಂತ ಈ ಕಸವೇ ಹೆಚ್ಚಿನ ಕಾರಣ.

ಪ್ರಶ್ನೆ (ಉಡುಪಿಯ ಸದಸ್ಯರು): ಪೆಟ್ಟಿಗೆಯ ಹೊರಮೈಗೆ ಅಲ್ಯೂಮಿನಿಯಂ, ಒಳಚೌಕಟ್ಟಿಗೆ ಕಬ್ಬಿಣ. ಕಡಲ ಗಾಳಿಗೆ ತಡೆಯುತ್ತದೆಯೇ?

ಉತ್ತರ: ನೇರ ತಾಗಿಸಿದರೆ ತಡೆಯುವುದಿಲ್ಲ. ಉಪ್ಪು ತೇವ ಸೇರಿದಾಗ ಎರಡು ಲೋಹಗಳ ನಡುವೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ನಡುವೆ ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಹಾಕಿ, ಕಬ್ಬಿಣಕ್ಕೆ ಸತುವಿನ ಪ್ರೈಮರ್ ಬಳಿಯಿರಿ. ಪ್ಲೈವುಡ್ ಹಾಕುವವರಿಗೂ ಒಂದು ಮಾತು: 18 ಮಿ.ಮೀ.ನ ಎಂಟು-ನಾಲ್ಕು ಅಡಿ ಹಲಗೆ ಒಂದೇ 37 ಕಿಲೋ ತೂಗುತ್ತದೆ. ನೆಲಕ್ಕೆ 12 ಮಿ.ಮೀ. ಸಾಕು, ಗೋಡೆ ಚಾವಣಿಗೆ ಎಕ್ಸ್‌ಪಿಎಸ್ ಎಂಬ ಗಟ್ಟಿ, ಹಗುರ ಫೋಮಿನ ಎರಡೂ ಬದಿಗೆ ತೆಳುವಾದ ಹಾಳೆ ಅಂಟಿಸಿ.

ಪ್ರಶ್ನೆ (ಶಿವಮೊಗ್ಗದ ಸದಸ್ಯರು): ಕಾನೂನಿನ ಪ್ರಕಾರ ತೊಂದರೆ ಇದೆಯೇ ಸರ್? ಒಳಗೇ ಇರುವ ಪೆಟ್ಟಿಗೆ ತಾನೆ?

ಉತ್ತರ: ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್‌ನಡಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸೀಟು ತೆಗೆದು ಹಾಸಿಗೆ ಕೂರಿಸುವುದೂ ಆರ್‌ಸಿಯ ವಿಷಯವೇ. ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನದಂಡವೂ ಇದೆ. ನಕ್ಷೆ ಮತ್ತು ತೂಕದ ಲೆಕ್ಕ ಹಿಡಿದು ಕೆಲಸ ಶುರುವಾಗುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ, ಲಿಖಿತ ಅನುಮತಿ ಪಡೆಯಿರಿ, ವಿಮಾ ಕಂಪನಿಗೂ ತಿಳಿಸಿ. ಪಕ್ಕದ ಗೋಡೆ ಕತ್ತರಿಸಿದ ವಾಹನಕ್ಕಿಂತ, ಬಾಗಿಲು ಮುಚ್ಚಿದಾಗ ಹೊರ ಅಳತೆ ಬದಲಾಗದ, ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಪೆಟ್ಟಿಗೆಯ ಬಗ್ಗೆ ಅಲ್ಲಿ ಮಾತಾಡುವುದು ಸುಲಭ.

ಪ್ರಶ್ನೆ (ಜರ್ಮನಿಯಲ್ಲಿರುವ ಸದಸ್ಯರು): ನನ್ನದು ಫಿಯೆಟ್ ಡುಕಾಟೊ. ಇದೇ ವಿಧಾನ ನಡೆಯುತ್ತದೆಯೇ?

ಉತ್ತರ: ರಚನೆಯ ತತ್ತ್ವ ಅದೇ. ಅಲ್ಲಿ ಇಂಥ ಬದಲಾವಣೆ ಟ್ಯೂಫ್‌ನಂಥ ವಾಹನ ತಪಾಸಣಾ ಸಂಸ್ಥೆಯ ಪರೀಕ್ಷೆ ದಾಟಿ ವಾಹನದ ದಾಖಲೆಯಲ್ಲಿ ನಮೂದಾಗಬೇಕು, ಆದ್ದರಿಂದ ಲೋಹ ಮುಟ್ಟುವ ಮೊದಲು ಅವರ ಎಂಜಿನಿಯರ್‌ಗೆ ನಕ್ಷೆ ತೋರಿಸಿ. ಡುಕಾಟೊಗೂ ವಿಂಗರ್‌ಗೂ ಮುಂದಿನ ಚಕ್ರಗಳೇ ಎಳೆಯುವ ಚಕ್ರಗಳು. ಉದಾಹರಣೆಗೆ, 120 ಕಿಲೋ ಭಾರ ಹಿಂದಿನ ಆ್ಯಕ್ಸಲ್‌ಗಿಂತ ಅರ್ಧ ಮೀಟರ್ ಹಿಂದೆ ಕೂತರೆ ಮುಂದಿನ ಚಕ್ರಗಳಿಂದ ಸುಮಾರು 17 ಕಿಲೋ ಹಗುರಾಗುತ್ತದೆ. ಅದರ ಜೊತೆಗೆ ನೀರಿನ ಟ್ಯಾಂಕು, ಬ್ಯಾಟರಿಗಳನ್ನೂ ಹಿಂದೆ ತುಂಬಿದರೆ ಒದ್ದೆ ಏರಿನಲ್ಲಿ ಚಕ್ರ ಜಾರತೊಡಗುತ್ತದೆ. ಅವನ್ನು ಎರಡು ಆ್ಯಕ್ಸಲ್‌ಗಳ ನಡುವೆ, ಆದಷ್ಟು ಮುಂದಕ್ಕೆ ಇಡಿ. ಪೂರ್ತಿ ಸಾಮಾನು ತುಂಬಿ ವೇಬ್ರಿಡ್ಜ್ ಮೇಲೆ ಮುಂದಿನ, ಹಿಂದಿನ ಆ್ಯಕ್ಸಲ್‌ಗಳನ್ನು ಬೇರೆ ಬೇರೆ ತೂಗಿಸಿ.

ಪ್ರಶ್ನೆ (ಶಿವಮೊಗ್ಗದ ಸದಸ್ಯರು): ಬಹಳ ಉಪಕಾರ ಸರ್. ರಾತ್ರಿ ಮಲಗಿದಾಗ ಸೆಕೆಯಾದರೆ ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಳ್ಳಬಹುದೇ?

ಉತ್ತರ: ಖಂಡಿತ ಬೇಡ. ಹಿಂಬಾಗಿಲು ತೆರೆದಿರುತ್ತದೆ, ಪೆಟ್ಟಿಗೆಯ ಅಡಿಯಲ್ಲೇ ಹೊಗೆ ಕೊಳವೆ ಇರುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರಿಗೆ ಗೊತ್ತಾಗುವುದೇ ಇಲ್ಲ. ಪೆಟ್ಟಿಗೆ ಹೊರಗಿದ್ದಾಗ ಎಂಜಿನ್ ಶುರುವಾಗದಂತೆ ಆ ಪಿನ್ನಿನ ಸ್ವಿಚ್ಚನ್ನೇ ಸ್ಟಾರ್ಟರ್ ರಿಲೇಗೂ ಜೋಡಿಸಿಬಿಡಿ. ಪೆಟ್ಟಿಗೆಯ ಎರಡೂ ಪಕ್ಕಕ್ಕೆ ಸೊಳ್ಳೆ ಪರದೆಯ ಕಿಟಕಿ, ಚಾವಣಿಗೆ 12 ವೋಲ್ಟ್ ಫ್ಯಾನ್, ತಲೆಯ ಬಳಿ ಮಾನಾಕ್ಸೈಡ್ ಅಲಾರಂ. ಹಿಂದಿನ ದಾರಿ ಪೆಟ್ಟಿಗೆಯಿಂದ ಮುಚ್ಚಿರುವುದರಿಂದ ಎಡಬದಿಯ ಸರಿಯುವ ಬಾಗಿಲಿಗೆ ಅಡ್ಡವಾಗಿ ರಾತ್ರಿ ಏನನ್ನೂ ಇಡಬೇಡಿ. ಅದು ಒಳಗಿನಿಂದ ಸಲೀಸಾಗಿ ತೆರೆಯುತ್ತದೆಯೇ ಎಂದು ಮಗಳ ಕೈಯಲ್ಲೇ ತೆರೆಸಿ ನೋಡಿ.