ಸಹಾಯ ಬೇಕು: ಅಲ್ಟ್ರಾಸೌಂಡ್ ಸೆಗ್ಮೆಂಟೇಶನ್‌ನಲ್ಲಿ ಖಾಲಿ ಮಾಸ್ಕ್ ಏನ್ ಮಾಡ್ಲಿ?

ನಮಸ್ಕಾರ ಎಲ್ರಿಗೂ, ಪುಣೆಲಿ ಎಂಟೆಕ್ ಮಾಡ್ತಿದೀನಿ. ಸ್ತನದ ಅಲ್ಟ್ರಾಸೌಂಡ್‌ನಲ್ಲಿ ಗಡ್ಡೆ ಇರೋ ಜಾಗನ ಪಿಕ್ಸೆಲ್ ಮಟ್ಟದಲ್ಲಿ ಗುರುತಿಸೋಕೆ (ಅದೇ ಸೆಗ್ಮೆಂಟೇಶನ್) ಯು-ನೆಟ್ ಅನ್ನೋ ನ್ಯೂರಲ್ ನೆಟ್‌ವರ್ಕ್ ಟ್ರೇನ್ ಮಾಡ್ತಿದೀನಿ, ಡೇಟಾ ಬಿಯುಎಸ್ಐ ಅನ್ನೋ ಸ್ತನ ಅಲ್ಟ್ರಾಸೌಂಡ್ ಚಿತ್ರಗಳ ಸಂಗ್ರಹ, ಒಟ್ಟು 780 ಚಿತ್ರ, ಅದರಲ್ಲಿ 133 ನಾರ್ಮಲ್, ಅಂದ್ರೆ ಗಡ್ಡೆನೇ ಇಲ್ಲ, ಮಾಸ್ಕ್ (ಗಡ್ಡೆ ಜಾಗನ ಬಿಳಿಯಾಗಿ ತೋರ್ಸೋ ಸರಿಯುತ್ತರದ ಚಿತ್ರ) ಪೂರ್ತಿ ಕಪ್ಪು. ತಲೆನೋವು ಶುರುವಾಗೋದೇ ಇಲ್ಲಿ. ಇವನ್ನ ಸೇರಿಸಿದ್ರೆ ಮಾಡೆಲ್ ಒಂದೇ ಒಂದು ಪಿಕ್ಸೆಲ್ ತಪ್ಪು ತೋರ್ಸಿದ್ರೂ ಆ ಚಿತ್ರದ ಡೈಸ್ (ಮಾಡೆಲ್ ಗುರುತಿಸಿದ ಜಾಗ ಮಾಸ್ಕ್ ಜೊತೆ ಎಷ್ಟು ಹೊಂದತ್ತೆ ಅನ್ನೋ ಸ್ಕೋರ್) ಸೊನ್ನೆ, ಏನೂ ತೋರ್ಸದಿದ್ರೆ ಸೊನ್ನೆ ಬೈ ಸೊನ್ನೆ. ಬಿಟ್ಟು ಟ್ರೇನ್ ಮಾಡಿದ್ರೆ ಸ್ಕೋರ್ ಚಂದ ಕಾಣತ್ತೆ ಆದ್ರೆ ನಾರ್ಮಲ್ ಚಿತ್ರ ಕೊಟ್ರೆ ಯಾವ್ದೋ ನೆರಳನ್ನೇ ಗಡ್ಡೆ ಅನ್ನತ್ತೆ (ಡಾಕ್ಟರ್ ನೋಡಿದ್ರೆ ನಗ್ತಾರೆ). ಟ್ರೇನಿಂಗ್‌ನಲ್ಲಿ ತಪ್ಪು ಅಳೆಯೋಕೆ ಡೈಸ್ ಲಾಸ್ ಜೊತೆ ಪ್ರತಿ ಪಿಕ್ಸೆಲ್‌ನ ತಪ್ಪು ಅಳೆಯೋ ಕ್ರಾಸ್ ಎಂಟ್ರೊಪಿ ಸೇರ್ಸಿ ನೋಡ್ದೆ, ಸ್ಮೂತಿಂಗ್ ಹಾಕ್ದೆ (ಸೊನ್ನೆ ಬೈ ಸೊನ್ನೆ ಆಗದ ಹಾಗೆ ಮೇಲೆ ಕೆಳಗೆ ಚಿಕ್ಕ ಸಂಖ್ಯೆ ಕೂಡ್ಸೋದು), ಟ್ರೇನಿಂಗ್ ಸ್ವಲ್ಪ ಸ್ಟೇಬಲ್ ಆಯ್ತು ಅಷ್ಟೆ. ನಾರ್ಮಲ್ ಚಿತ್ರಗಳನ್ನ ಸೆಗ್ಮೆಂಟೇಶನ್‌ಗೇ ಸೇರಿಸ್ಬೇಕಾ, ಇಲ್ಲ ಗಡ್ಡೆ ಇದೆಯಾ ಇಲ್ವಾ ಅಂತ ನೋಡೋಕೆ ಮೊದ್ಲು ಬೇರೆ ಕ್ಲಾಸಿಫೈಯರ್ ಇಡ್ಬೇಕಾ? ಸೇರಿಸೋದಾದ್ರೆ ಟೆಸ್ಟ್‌ನಲ್ಲಿ ಅವುಗಳ ಡೈಸ್ ಹೇಗೆ ಲೆಕ್ಕ ಹಾಕ್ತೀರಿ?