‘ಸ್ಟೇಲ್’ ಅಂದರೆ ಹಳಸಿದ್ದೋ, ತಂಗಳೋ? ಬ್ರೌಸರ್ ಕ್ಯಾಶ್ ಪದಗಳ ಬಗ್ಗೆ

ಗಂಗಾವತಿಯಲ್ಲಿ ಅಕ್ಕಿ ಗಿರಣಿಯವರಿಗೆ, ಭತ್ತದ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಅವರಿಗಾಗಿ ಕನ್ನಡದಲ್ಲಿ ಒಂದು ಸಹಾಯ ಪುಟ ಬರೆಯುತ್ತಿದ್ದೇನೆ. ಬೆಳಿಗ್ಗೆ ಸೋನಾ ಮಸೂರಿ ದರ ಬದಲಾಯಿಸಿದರೂ ಕೊಳ್ಳುವವರ ಫೋನಿನಲ್ಲಿ ನಿನ್ನೆಯ ದರವೇ ಯಾಕೆ ಕಾಣುತ್ತದೆ, ಆಗ ಏನು ಮಾಡಬೇಕು, ಇಷ್ಟೇ ವಿಷಯ. ಬರೆಯುತ್ತಾ ಹೋದರೆ ಪದಗಳೇ ಸಿಗುತ್ತಿಲ್ಲ. ನಿಮ್ಮ ಅಭಿಪ್ರಾಯ ಬೇಕು.

ಮೊದಲು ಕ್ಯಾಶ್, ಅಂದರೆ ಒಮ್ಮೆ ನೋಡಿದ ಪುಟದ ಪ್ರತಿಯನ್ನು ಬ್ರೌಸರ್ ಫೋನಿನಲ್ಲೇ ಇಟ್ಟುಕೊಳ್ಳುವ ಜಾಗ. ನಗದಿನ ಕ್ಯಾಶ್‌ಗೂ ಇದಕ್ಕೂ ಇಂಗ್ಲಿಷಿನಲ್ಲಿ ಕಾಗುಣಿತವಾದರೂ ಬೇರೆ ಇದೆ. ಕನ್ನಡದಲ್ಲಿ ಅದೂ ಇಲ್ಲ. ‘ಕ್ಯಾಶ್ ಖಾಲಿ ಮಾಡಿ’ ಅಂತ ವ್ಯಾಪಾರಿಗೆ ಬರೆದು ಕೊಟ್ಟರೆ ಅವರು ಗಲ್ಲಾಪೆಟ್ಟಿಗೆ ಕಡೆ ನೋಡುತ್ತಾರೆ, ಅದು ಅವರ ತಪ್ಪಲ್ಲ. ಕೆಲವರು ‘ಕ್ಯಾಶೆ’ ಅನ್ನುತ್ತಾರೆ, ಗೊಂದಲ ತಪ್ಪುತ್ತದೆ ನಿಜ, ಆದರೆ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ‘ದಾಸ್ತಾನು’ ನನಗೆ ಇಷ್ಟವಿತ್ತು, ನಮ್ಮ ಕಡೆ ದಿನಾ ಬಳಸುವ ಮಾತು. ಆದರೆ ಗಿರಣಿಯಲ್ಲಿ ದಾಸ್ತಾನು ಅಂದರೆ ಅಕ್ಕಿ ಮೂಟೆ, ಹಾಗಾಗಿ ಅಲ್ಲೂ ಅದೇ ತೊಂದರೆ. ಮೂಲ ಫ್ರೆಂಚ್ ಪದಕ್ಕೆ ಬಚ್ಚಿಡುವುದು ಅನ್ನುವ ಅರ್ಥ. 1968ರಲ್ಲಿ ಐಬಿಎಂನವರು ಸಿಸ್ಟಮ್/360 ಮಾಡೆಲ್ 85 ಯಂತ್ರದ ವೇಗದ ಮೆಮೊರಿಗೆ ಈ ಹೆಸರಿಟ್ಟ ಮೇಲೆ ಕಂಪ್ಯೂಟರ್ ಲೋಕದಲ್ಲಿ ಅದು ನೆಲೆಯೂರಿತು. ಬಚ್ಚಿಡುವುದಕ್ಕಿಂತ ‘ಎತ್ತಿಡು’ ಸರಿಯಾಗುತ್ತದೆ ಅನಿಸುತ್ತಿದೆ. ಬ್ರೌಸರ್ ಎತ್ತಿಟ್ಟ ಪ್ರತಿ. ಬೇಕಾದಾಗ ಥಟ್ಟನೆ ಸಿಗಲಿ ಅಂತ ತಾನೇ ಅದು ಎತ್ತಿಡುವುದು?

ಎರಡನೆಯದರಲ್ಲಿ ಇಂಗ್ಲಿಷ್ ಹೆಸರೇ ದಾರಿ ತಪ್ಪಿಸುತ್ತದೆ. ಸರ್ವರ್, ಅಂದರೆ ವೆಬ್‌ಸೈಟ್ ಇರುವ ಕಂಪ್ಯೂಟರ್, ಪುಟದ ಜೊತೆ ಬ್ರೌಸರಿಗೆ ಕಳಿಸುವ ಕ್ಯಾಶ್-ಕಂಟ್ರೋಲ್ ಸೂಚನೆಯಲ್ಲಿ ‘ನೋ-ಕ್ಯಾಶ್’ ಅಂತ ಒಂದು, ‘ನೋ-ಸ್ಟೋರ್’ ಅಂತ ಇನ್ನೊಂದು ಇದೆ. ಹೊಸದಾಗಿ ಕಲಿಯುವ ಹುಡುಗರು ಎರಡೂ ಒಂದೇ ಅಂದುಕೊಳ್ಳುತ್ತಾರೆ. ಅಲ್ಲ. ನೋ-ಸ್ಟೋರ್ ಅಂದರೆ ಎತ್ತಿಡಲೇಬೇಡ. ನೋ-ಕ್ಯಾಶ್ ಅಂದರೆ ಎತ್ತಿಟ್ಟುಕೋ, ಆದರೆ ಪ್ರತಿ ಸಲ ನನ್ನನ್ನು ಕೇಳದೆ ಕೊಡಬೇಡ. ಹಾಗೆ ಕೇಳುವಾಗ ಬ್ರೌಸರ್ ತನ್ನ ಹತ್ತಿರ ಇರುವ ಪ್ರತಿಯ ಗುರುತನ್ನು, ಅಂದರೆ ಈಟ್ಯಾಗ್ ಅನ್ನು ಕಳಿಸುತ್ತದೆ, ಸರ್ವರ್ ನೋಡಿ ಬದಲಾಗಿಲ್ಲ ಅನಿಸಿದರೆ 304 ಅಂತಷ್ಟೇ ಉತ್ತರ ಕೊಡುತ್ತದೆ, ಪುಟವನ್ನು ಮತ್ತೆ ಕಳಿಸುವುದಿಲ್ಲ, ಡೇಟಾನೂ ಉಳಿಯುತ್ತದೆ. ದರದ ಪುಟಕ್ಕೆ ಬೇಕಾದ್ದು ಇದೇ. ‘ಎತ್ತಿಡಬೇಡ’, ‘ಕೇಳದೆ ಕೊಡಬೇಡ’ ಅಂತ ಬರೆದರೆ ಇಂಗ್ಲಿಷ್ ಹೆಸರಿಗಿಂತ ಕನ್ನಡವೇ ಸ್ಪಷ್ಟವಾಗಿರುತ್ತದೆ.

ಮೂರನೆಯದೇ ನನ್ನ ಮುಖ್ಯ ಪ್ರಶ್ನೆ. 2022ರ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 9111 ಅನ್ನುವ, ವೆಬ್ ಕ್ಯಾಶ್ ಹೇಗೆ ನಡೆಯಬೇಕು ಅಂತ ಹೇಳುವ ನಿಯಮಾವಳಿ ಎತ್ತಿಟ್ಟ ಪ್ರತಿಯನ್ನು ಎರಡು ಬಗೆ ಮಾಡುತ್ತದೆ, ಫ್ರೆಶ್ ಮತ್ತು ಸ್ಟೇಲ್. ಫ್ರೆಶ್‌ಗೆ ‘ತಾಜಾ’ ಸಾಕು. ಸ್ಟೇಲ್‌ಗೆ ‘ಹಳಸಿದ’ ಅಂತ ಬರೆದರೆ ತಪ್ಪಾಗುತ್ತದೆ ಅನ್ನುವುದು ನನ್ನ ವಾದ. ಹಳಸಿದ ಅನ್ನ ಚೆಲ್ಲುವುದಕ್ಕೇ. ಸ್ಟೇಲ್ ಪ್ರತಿ ಹಾಗಲ್ಲ. ಅದರ ಅವಧಿ ಮುಗಿದಿದೆ ಅಷ್ಟೇ, ಒಳಗಿರುವುದು ಇನ್ನೂ ಸರಿಯಾಗೇ ಇರಬಹುದು. ಸರ್ವರ್ 304 ಅಂದರೆ ಅದೇ ಪ್ರತಿ ಮತ್ತೆ ತಾಜಾ ಆಗುತ್ತದೆ. ಇದಕ್ಕೆ ‘ತಂಗಳು’ ಅನ್ನಬೇಕು ಅಲ್ವಾ? ತಂಗಳ ರೊಟ್ಟಿ ನಿನ್ನೆಯದು, ಕೆಟ್ಟದ್ದಲ್ಲ. ಮೊಸರು, ಶೇಂಗಾ ಚಟ್ನಿ ಹಚ್ಚಿಕೊಂಡು ಬೆಳಿಗ್ಗೆ ಎಲ್ಲರೂ ತಿನ್ನುತ್ತಾರೆ.

ಈ ವ್ಯತ್ಯಾಸ ಸುಮ್ನೆ ಪದದ ಚರ್ಚೆಗಲ್ಲ. ಹಳಸಿದ್ದು ಅಂತ ಹೇಳಿಕೊಟ್ಟರೆ ಕಲಿಯುವವರು ಎಲ್ಲ ಕಡೆ ನೋ-ಸ್ಟೋರ್ ಹಾಕುತ್ತಾರೆ, ಆಮೇಲೆ ಹಳ್ಳಿಯಲ್ಲಿ ನೆಟ್‌ವರ್ಕ್ ಕಡಿಮೆ ಇರುವವರಿಗೆ ಅದೇ ಲೋಗೋ, ಅದೇ ಚಿತ್ರ ಪ್ರತಿ ಸಲ ಹೊಸದಾಗಿ ಇಳಿಯಬೇಕು. ಹಾಗಂತ ಏನೂ ಸೂಚನೆ ಕೊಡದೆ ಬಿಟ್ಟರೆ ಬ್ರೌಸರ್ ತಾನೇ ಅಂದಾಜು ಮಾಡುತ್ತದೆ. ಫೈಲು ಕೊನೆಗೆ ಬದಲಾಗಿ ಎಷ್ಟು ಕಾಲವಾಯಿತೋ ಅದರ ಹತ್ತನೇ ಒಂದು ಭಾಗ ತಾಜಾ ಅಂದುಕೊಳ್ಳುವುದು ರೂಢಿ. ನೂರು ದಿನ ಮುಟ್ಟದ ಪುಟವಾದರೆ ಹತ್ತು ದಿನ ಸರ್ವರ್ ಕಡೆ ತಿರುಗಿಯೂ ನೋಡದೆ ಹಳೆಯದನ್ನೇ ತೋರಿಸಬಹುದು. ಬ್ರೌಸರ್ ಹಟ ಹಿಡಿದಿದೆ ಅಂತ ಜನ ಅನ್ನುವುದು ಇದಕ್ಕೇ.

ನಮ್ಮಂಥವರು ಬ್ರೌಸರಿನ ಡೆವಲಪರ್ ಟೂಲ್ಸ್ ಕಿಟಕಿಯಲ್ಲಿ ‘ಡಿಸೇಬಲ್ ಕ್ಯಾಶ್’, ಅಂದರೆ ಕ್ಯಾಶ್ ಬಳಸಬೇಡ ಅನ್ನುವ ಗುರುತು ಹಾಕಿಕೊಂಡು ಕೆಲಸ ಮಾಡುತ್ತೇವೆ. ಆ ಕಿಟಕಿ ತೆರೆದಿರುವ ತನಕ ಮಾತ್ರ ಅದು ನಡೆಯುತ್ತದೆ, ಅದೂ ನಮ್ಮ ಯಂತ್ರದಲ್ಲಿ. ಎತ್ತಿಟ್ಟದ್ದನ್ನು ಬಿಟ್ಟು ಪುಟವನ್ನು ಹೊಸದಾಗಿ ತರಿಸಲು ಕಂಟ್ರೋಲ್-ಶಿಫ್ಟ್-ಆರ್ ಒತ್ತಿದರೂ ಅಷ್ಟೇ, ಕಾರಟಗಿಯಲ್ಲಿ ಕೂತು ದರ ನೋಡುವವರ ಫೋನಿಗೆ ಅದರಿಂದ ಏನೂ ಆಗುವುದಿಲ್ಲ. ದರದ ಪುಟಕ್ಕೆ ನೋ-ಕ್ಯಾಶ್ ಕೊಟ್ಟು, ಸ್ಟೈಲ್ ಮತ್ತು ಸ್ಕ್ರಿಪ್ಟ್ ಫೈಲುಗಳಿಗೆ ಬದಲಾದಾಗಲೆಲ್ಲ ಹೆಸರಲ್ಲೇ ಹೊಸ ಗುರುತು ಸೇರಿಸಿ, ಅವನ್ನು 31536000 ಸೆಕೆಂಡ್, ಅಂದರೆ ಒಂದು ವರ್ಷ ಇಟ್ಟುಕೋ ಅಂತ ಹೇಳುವುದೇ ಗಟ್ಟಿ ದಾರಿ. ಹೆಸರು ಹೊಸದಾದರೆ ಬ್ರೌಸರಿಗೆ ಅದು ಹೊಸ ಫೈಲೇ, ಹಳೆಯದನ್ನು ಕೊಡಲು ಅವಕಾಶವೇ ಇಲ್ಲ. ಈ ಉಪಾಯಕ್ಕೆ ‘ಕ್ಯಾಶ್ ಬಸ್ಟಿಂಗ್’, ಅಂದರೆ ಕ್ಯಾಶ್ ಒಡೆಯುವುದು ಅನ್ನುತ್ತಾರೆ. ನಾನು ‘ಹೆಸರು ಬದಲು’ ಅಂತಲೇ ಬರೆದಿದ್ದೇನೆ, ಒಡೆಯುವುದು ಗಿಡಿಯುವುದು ಏನೂ ಬೇಡ.

ಈಗ ಕೇಳಬೇಕಾದ್ದು ಎರಡು. ರಾಯಚೂರು, ಬಳ್ಳಾರಿ ಕಡೆಯವರಿಗೆ ‘ತಂಗಳು ಪ್ರತಿ’ ತಟ್ಟನೆ ಅರ್ಥವಾಗುತ್ತದೆ ಅಂತ ನಂಬಿದ್ದೇನೆ, ಮೈಸೂರು, ಮಂಗಳೂರು ಕಡೆ ಓದುವವರಿಗೆ ಹೇಗೆ ಕೇಳಿಸುತ್ತದೆ? ಇನ್ನೊಂದು, ಎತ್ತಿಟ್ಟ ಪ್ರತಿ ಇನ್ನೂ ಸರಿಯಾಗಿದೆಯಾ ಅಂತ ಬ್ರೌಸರ್ ಸರ್ವರನ್ನು ಕೇಳುವ ‘ರಿವ್ಯಾಲಿಡೇಟ್’ ಅನ್ನುವುದಕ್ಕೆ ಸದ್ಯ ‘ಕೇಳಿ ನೋಡು’ ಅಂತ ಇಟ್ಟಿದ್ದೇನೆ. ‘ಮರುಪರಿಶೀಲನೆ’ ಕಚೇರಿ ಕಾಗದದ ಹಾಗಿದೆ, ಬೇಡ. ಮಾತಿನಲ್ಲಿ ಓಡಾಡುವ ಒಂದೇ ಪದ ಇದ್ದರೆ ಹೇಳಿ, ಪುಟದಲ್ಲಿ ಅದನ್ನೇ ಹಾಕುತ್ತೇನೆ.