ಪದ ಬೇಕು: ಸ್ಪ್ರೂ, ವೂಂಡ್, ಸೇವ್ (ವಾರ್‌ಹ್ಯಾಮರ್)

ನಮಸ್ಕಾರ. ಪುಟ್ಟ ಗೊಂಬೆ ಸೈನಿಕರನ್ನು ಮೇಜಿನ ಮೇಲೆ ಕಾದಾಡಿಸುವ ವಾರ್‌ಹ್ಯಾಮರ್ 40,000 ಆಟದ ಇಂಟ್ರೊಡಕ್ಟರಿ ಸೆಟ್ಟಿಗೆ ಒಂದು ಪುಟದ ಕನ್ನಡ ಸೂಚನೆ ಬರೆಯುತ್ತಿದ್ದೇನೆ. ಶುಕ್ರವಾರ ಪ್ರಿಂಟಿಗೆ ಹೋಗಬೇಕು. ಪೆಟ್ಟಿಗೆಯಲ್ಲಿ 5 ಇನ್‌ಫರ್ನಸ್ ಸೈನಿಕರು, ಎದುರಾಳಿಗಳಾಗಿ 10 ಟರ್ಮಗಾಂಟ್, ಒಂದು ರಿಪ್ಪರ್ ಹಿಂಡು (ಎರಡೂ ಅನ್ಯಲೋಕದ ಪ್ರಾಣಿಗಳು). ಮೂರು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಬಿಡಿಭಾಗಗಳು ಅಂಟಿಕೊಂಡು ಬರುವ ಸ್ಪ್ರೂಗೆ 'ಚೌಕಟ್ಟು' ಸಾಕೇ? 'ವೂಂಡ್' ಒಂದು ಕಡೆ ದಾಳ ಹಾಕುವ ಹಂತ, ಇನ್ನೊಂದು ಕಡೆ ಗೊಂಬೆ ಎಷ್ಟು ಏಟು ತಾಳುತ್ತದೆಂಬ ಲೆಕ್ಕ. ಎರಡಕ್ಕೂ 'ಗಾಯ' ಅಂದರೆ, 'ಗಾಯ 2' ಎಂದು ಓದಿದವರು ಆಗಲೇ ಎರಡು ಏಟು ಬಿದ್ದಿದೆ ಅಂದುಕೊಳ್ಳುತ್ತಾರೆ. ಕೊನೆಯದು 'ಸೇವ್', ಬಿದ್ದ ಏಟಿನಿಂದ ಗೊಂಬೆ ಪಾರಾಗುತ್ತದೆಯೇ ಎಂದು ನೋಡುವ ದಾಳ.

ಮರು:
ಮೊದಲು 'ದಾಳ' ತೆಗೆದು 'ನೆತ್ತ' ಹಾಕಿ. ಪಂಪಭಾರತದಲ್ಲಿ ಭಾನುಮತಿ, ಕರ್ಣ ಆಡುವುದು ನೆತ್ತ. ಸಾವಿರ ವರ್ಷದ ಪದ ನಮ್ಮಲ್ಲೇ ಇದೆ. 'ಗಾಯ'ವೂ ಘಾತದಿಂದ ಬಂದದ್ದು, 'ಏಟು' ಅನ್ನಿ. ಸೇವ್‌ಗೆ 'ತಡೆ'.

ಮರು: ಮರು:
ನೆತ್ತ ಬೇಡ. ಆಡುವವರಿಗೆ ಅರ್ಥ ಹೇಳುವಷ್ಟರಲ್ಲಿ ಒಂದು ಸುತ್ತು ಮುಗಿದಿರುತ್ತದೆ. 'ತಡೆ' ಒಪ್ಪಿದೆ.

ಸ್ಪ್ರೂ ಬಗ್ಗೆ: ಮೋಲ್ಡಿಂಗ್‌ನಲ್ಲಿ ಸ್ಪ್ರೂ ಅಂದರೆ ಕರಗಿದ ಪ್ಲಾಸ್ಟಿಕ್ ಅಚ್ಚಿಗೆ ಇಳಿಯುವ ಮೊದಲ ದಾರಿ ಮಾತ್ರ. ಅಲ್ಲಿಂದ ಕವಲೊಡೆಯುವ ಕಡ್ಡಿ ರನ್ನರ್, ಭಾಗಕ್ಕೆ ಅಂಟಿದ ಸಣ್ಣ ಕತ್ತು ಗೇಟ್. ನಿಮ್ಮ ಕೈಗೆ ಬರುವುದು ರನ್ನರ್. 'ಚೌಕಟ್ಟು' ಅಂತಲೇ ಬರೆಯಿರಿ, ಆದರೆ ಗೇಟಿಗೂ 'ಕತ್ತು' ಅಂತ ಪದ ಇಡಿ, ಏಕೆಂದರೆ ಎಡವಟ್ಟಾಗುವುದು ಅಲ್ಲೇ. ಹೊಸಬರು ಭಾಗವನ್ನು ತಿರುಚಿ ಕೀಳುತ್ತಾರೆ. ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ಇಲ್ಲವೇ ತೋಳಿನಿಂದ ಒಂದು ಚೂರು ಕಿತ್ತು ಬರುತ್ತದೆ. ಹೀಗೆ ಬರೆಯಿರಿ: "ಕತ್ತನ್ನು ಮೊದಲು ಚೌಕಟ್ಟಿನ ಕಡೆ ಕತ್ತರಿಸಿ. ಉಳಿದ ಮೊಳಕೆಯನ್ನು, ಕಟ್ಟರಿನ ಚಪ್ಪಟೆ ಬದಿ ಗೊಂಬೆಗೆ ತಾಗುವಂತೆ ಹಿಡಿದು ಕತ್ತರಿಸಿ." ಇದು ಅಂಟಿಲ್ಲದೆ ಒತ್ತಿ ಕೂರಿಸುವ ಸೆಟ್ಟು. ಗೂಟ ತೂತಿಗೆ ಪೂರ್ತಿ ಇಳಿಯದಿದ್ದರೆ ಗುದ್ದಬೇಡಿ, ಗೂಟದ ತುದಿಯನ್ನು ಸ್ವಲ್ಪ ತರಿಯಿರಿ.

ವೂಂಡ್ ಬಗ್ಗೆ: ಲೆಕ್ಕಕ್ಕೆ 'ಜೀವ', ಹಂತಕ್ಕೆ 'ಏಟು'. ಏಟಿನ ಹಂತದಲ್ಲಿ ಆಯುಧದ ಬಲ, ಎದುರಾಳಿಯ ಗಟ್ಟಿತನ ಸಮ ಇದ್ದರೆ 4 ಅಥವಾ ಹೆಚ್ಚು ಬೀಳಬೇಕು. ಬಲ ಹೆಚ್ಚಿದ್ದರೆ 3, ಎರಡು ಪಟ್ಟು ಅಥವಾ ಮೇಲಿದ್ದರೆ 2. ಕಡಿಮೆ ಇದ್ದರೆ 5, ಅರ್ಧ ಅಥವಾ ಅದಕ್ಕೂ ಕಡಿಮೆ ಇದ್ದರೆ 6. 'ತಡೆ' ಎದುರಾಳಿ ಹಾಕುವ ದಾಳ. ಇದನ್ನು ದಪ್ಪಕ್ಷರದಲ್ಲಿ ಹಾಕಿ, ಯಾರು ಎಸೆಯಬೇಕು ಎಂಬುದರಲ್ಲೇ ಮೇಜಿನ ಜಗಳ ಶುರುವಾಗುವುದು.

ಮರು: ಮರು: ಮರು:
ರನ್ನರ್, ಗೇಟ್, ಕಟ್ಟರ್, ಸೆಟ್ಟು! ಇಷ್ಟು ಇಂಗ್ಲಿಷ್ ಉಳಿಸಿಕೊಂಡು ನೆತ್ತ ಮಾತ್ರ ಬೇಡವೇ? ಬಳಸದೆ ಪದ ಬಳಕೆಗೆ ಬರುವುದು ಹೇಗೆ ಸ್ವಾಮಿ?

ಮರು: ಮರು: ಮರು: ಮರು:
ಕಟ್ಟರ್ ನಮ್ಮೂರ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ನೆತ್ತ ಕೇಳಿ ನೋಡಿ. ಎಲ್ಲಿಂದ ಬಂತು ಎನ್ನುವುದಕ್ಕಿಂತ ಯಾರ ಬಾಯಲ್ಲಿದೆ ಎನ್ನುವುದು ಮುಖ್ಯ.

ಕೇಳಿದವರಿಗೆ ಇನ್ನೊಂದು ಮಾತು: ಇನ್‌ಫರ್ನಸ್‌ಗಳ ಬೆಂಕಿ ಕೋವಿಗೆ ಗುರಿಯ ದಾಳವೇ (ಹೊಡೆತ ತಾಗಿತೇ ಎಂದು ನೋಡುವ ದಾಳ) ಇಲ್ಲ, ಬೆಂಕಿ ತಾನಾಗಿ ತಾಗುತ್ತದೆ. "ಗುರಿ, ಏಟು, ತಡೆ" ಎಂದು ಸಾಲಾಗಿ ಬರೆದರೆ ಮೊದಲ ಆಟದಲ್ಲೇ ಗೊಂದಲ. ಆ ಸಾಲಿನ ಕೆಳಗೇ "ಬೆಂಕಿ ಕೋವಿಯಾದರೆ ಏಟಿನಿಂದ ಶುರು" ಎಂದು ಸೇರಿಸಿ.